ಒಂದೇ ಕ್ವೆರಿ, ಐದು ಡೇಟಾಬೇಸ್: ಉತ್ತರ ಬದಲಾಗದಂತೆ ಬರೆಯುವ ಬಗೆ

ಹಳ್ಳಿಯ ಡೇರಿಯೊಂದಕ್ಕೆ ನಾನು ಬರೆದುಕೊಟ್ಟಿದ್ದ ಲೆಕ್ಕದ ತಂತ್ರಾಂಶ ಮೂರು ವರ್ಷ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಮೇಲೆ ಯಾವ ತಕರಾರೂ ಇಲ್ಲದೆ ನಡೆದಿತ್ತು. ಪಕ್ಕದ ತಾಲ್ಲೂಕಿನ ಸಂಘದವರು ತಮಗೂ ಅದೇ ಬೇಕೆಂದರು. ಅವರ ಸರ್ವರಿನಲ್ಲಿದ್ದದ್ದು ಪೋಸ್ಟ್‌ಗ್ರೆಸ್ ಎಂಬ ಬೇರೆ ಡೇಟಾಬೇಸ್. ಕನೆಕ್ಷನ್ ಬದಲಿಸಿದೆ, ಎರರ್ ಕೊಟ್ಟ ಏಳೆಂಟು ಕ್ವೆರಿಗಳನ್ನು (ಡೇಟಾಬೇಸಿಗೆ ಕೇಳುವ ಪ್ರಶ್ನೆಗಳನ್ನು) ತಿದ್ದಿದೆ, ಎಲ್ಲ ಪರದೆಗಳೂ ತೆರೆದುಕೊಳ್ಳುತ್ತವೆ ಎಂದು ನೋಡಿ ಕೊಟ್ಟುಬಂದೆ. ಮೊದಲ ಬಟವಾಡೆಯ ಹಿಂದಿನ ದಿನ ಅಲ್ಲಿನ ಕಾರ್ಯದರ್ಶಿ ಫೋನ್ ಮಾಡಿದರು: "ಸಾರ್, ನಮ್ಮೂರಲ್ಲಿ ಯಾರ ಹಾಲಿಗೂ 4.1 ಫ್ಯಾಟ್ ಬರ್ತಾನೇ ಇಲ್ಲ. ಎಲ್ಲರಿಗೂ ಬರೀ 3, ಇಲ್ಲಾಂದ್ರೆ 4 ಅಂತ ತೋರಿಸ್ತಿದೆ."

ಫ್ಯಾಟ್ ಅನ್ನು ನಾನು ದಶಾಂಶವಿಲ್ಲದೆ 41 ಎಂದು ಇಟ್ಟು, ತೋರಿಸುವಾಗ 10ರಿಂದ ಭಾಗಿಸುತ್ತಿದ್ದೆ. 41 / 10 ಎಂದರೆ ಮೈಎಸ್‌ಕ್ಯೂಎಲ್ 4.1 ಎನ್ನುತ್ತದೆ. ಪೋಸ್ಟ್‌ಗ್ರೆಸ್ ಎರಡೂ ಪೂರ್ಣಾಂಕ ಎಂದು ನೋಡಿ 4 ಎನ್ನುತ್ತದೆ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಕಾರ್ಯದರ್ಶಿಯವರ ಕಣ್ಣಿಗೆ ಬೀಳದೇ ಹೋಗಿದ್ದರೆ 4.9 ಫ್ಯಾಟ್ ಹಾಲು ಹಾಕಿದವರಿಗೂ 4ರ ದರದಲ್ಲೇ ದುಡ್ಡು ಹೋಗುತ್ತಿತ್ತು.

ಅಂದಿನಿಂದ ಒಂದು ಡೇಟಾಬೇಸಿನಿಂದ ಇನ್ನೊಂದಕ್ಕೆ ಕ್ವೆರಿಗಳನ್ನು ಒಯ್ಯುವಾಗ ನಾನು ಎರರ್‌ಗಳಿಗೆ ಹೆದರುವುದಿಲ್ಲ. ಎರರ್ ಕೊಟ್ಟ ಕ್ವೆರಿ ತಾನಾಗಿಯೇ ಸಿಕ್ಕಿಬೀಳುತ್ತದೆ. ಬೇರೆಯೇ ಉತ್ತರವನ್ನು ನೆಮ್ಮದಿಯಾಗಿ ಕೊಡುವ ಕ್ವೆರಿಯನ್ನು ಹುಡುಕಿ ಹಿಡಿಯಬೇಕು. ಕೆಳಗಿನದು ಆ ಹುಡುಕಾಟಕ್ಕೆ ನಾನು ಅನುಸರಿಸುವ ದಾರಿ. ಐದು ಡೇಟಾಬೇಸ್ ಎಂದರೆ ಇಲ್ಲಿ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್, ಎಸ್‌ಕ್ಯೂಎಲ್ ಸರ್ವರ್, ಒರಾಕಲ್. ಕೀವರ್ಡ್‌ಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ನೀವು ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ.

ಮೊದಲ ಹೆಜ್ಜೆ: ಯಾವ ಡೇಟಾಬೇಸ್, ಯಾವ ಆವೃತ್ತಿ

"ಎಲ್ಲ ಡೇಟಾಬೇಸಿನಲ್ಲೂ ನಡೆಯಬೇಕು" ಎಂಬ ಗುರಿ ಇಟ್ಟುಕೊಳ್ಳಬೇಡಿ. ಕ್ವೆರಿ ಬರೆಯುವ ಭಾಷೆಯಾದ ಎಸ್‌ಕ್ಯೂಎಲ್‌ಗೆ 1986ರಲ್ಲಿ ಅಮೆರಿಕದ ಆನ್ಸಿ ಸಂಸ್ಥೆಯ, ಮರುವರ್ಷ ಅಂತರರಾಷ್ಟ್ರೀಯ ಐಎಸ್‌ಒ ಸಂಸ್ಥೆಯ ಮಾನಕ ಬಂದಿದೆ, ಅದು ಮತ್ತೆ ಮತ್ತೆ ಪರಿಷ್ಕಾರವಾಗಿದೆ, ನಿಜ. ಆದರೆ ಅದನ್ನು ಪೂರ್ತಿಯಾಗಿ, ಅಕ್ಷರಶಃ ಪಾಲಿಸುವ ಡೇಟಾಬೇಸ್ ಒಂದೂ ಇಲ್ಲ. ಹಾಗಾಗಿ ನಿಮಗೆ ನಿಜಕ್ಕೂ ಬೇಕಾದ ಎರಡೋ ಮೂರೋ ಹೆಸರನ್ನು ಬರೆದಿಡಿ, ಜೊತೆಗೆ ಆವೃತ್ತಿಯನ್ನೂ.

ಆವೃತ್ತಿ ಏಕೆಂದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಸಾಲುಗಳಿಗೆ ಕ್ರಮಸಂಖ್ಯೆ ಕೊಡುವಂಥ ಲೆಕ್ಕ ಮಾಡುವ ವಿಂಡೋ ಫಂಕ್ಷನ್‌ಗಳು ಮೈಎಸ್‌ಕ್ಯೂಎಲ್‌ಗೆ ಬಂದದ್ದು 2018ರ 8.0ರಲ್ಲಿ, ಎಸ್‌ಕ್ಯೂಲೈಟ್‌ಗೆ ಅದೇ ವರ್ಷದ 3.25ರಲ್ಲಿ. ಎಸ್‌ಕ್ಯೂಲೈಟ್‌ನಲ್ಲಿ ಎರಡು ಟೇಬಲ್ ಜೋಡಿಸುವ ರೈಟ್ ಜಾಯಿನ್, ಫುಲ್ ಜಾಯಿನ್ ಬಂದದ್ದು 2022ರ 3.39ರಲ್ಲಿ, ಮೈಎಸ್‌ಕ್ಯೂಎಲ್‌ನಲ್ಲಿ ಫುಲ್ ಜಾಯಿನ್ 8.0ರಲ್ಲೂ ಇಲ್ಲ. ಗ್ರಾಹಕರ ಬಳಿ ಮೈಎಸ್‌ಕ್ಯೂಎಲ್ 5.7 ಇದ್ದರೆ, ವಿತ್ ಎಂದು ಆರಂಭವಾಗುವ ಕ್ವೆರಿಯನ್ನೇ ಅದು ಒಪ್ಪುವುದಿಲ್ಲ. ಇದನ್ನು ಮೊದಲೇ ಕೇಳಿ ತಿಳಿದುಕೊಂಡರೆ ಬರೆದದ್ದನ್ನು ಅಳಿಸುವ ಕೆಲಸ ತಪ್ಪುತ್ತದೆ.

ಎರಡನೆಯ ಹೆಜ್ಜೆ: ಕ್ವೆರಿಗಳನ್ನು ಒಂದು ಕಡೆ ತನ್ನಿ

ಕೋಡಿನ ಮೂಲೆಮೂಲೆಯಲ್ಲಿ, ಬಟನ್ ಒತ್ತಿದ ಕಡೆ, ವರದಿ ಮುದ್ರಿಸುವ ಕಡೆ ಚದುರಿಹೋಗಿರುವ ಎಸ್‌ಕ್ಯೂಎಲ್ ಸಾಲುಗಳನ್ನೆಲ್ಲ ಒಂದು ಫೈಲಿಗೋ ಒಂದು ಮಾಡ್ಯೂಲಿಗೋ ತನ್ನಿ. ಪ್ರತಿಯೊಂದಕ್ಕೂ ಒಂದು ಹೆಸರು ಕೊಡಿ. ಬೇಸರದ ಕೆಲಸ, ಆದರೆ ಇದಿಲ್ಲದೆ ಮುಂದಿನದು ಯಾವುದೂ ನೆಟ್ಟಗಾಗದು.

ತರುವಾಗಲೇ ಇನ್ನೊಂದು ಕೆಲಸ ಮುಗಿಸಿಕೊಳ್ಳಿ: ಹೆಸರು, ದಿನಾಂಕ, ಸಂಖ್ಯೆಯಂಥ ಮೌಲ್ಯಗಳನ್ನು ಕ್ವೆರಿಯ ಸಾಲಿಗೆ ಅಂಟಿಸುವುದನ್ನು ಬಿಟ್ಟು ಪ್ಯಾರಾಮೀಟರ್ ಆಗಿ, ಅಂದರೆ ಕ್ವೆರಿಯಿಂದ ಬೇರೆಯಾಗಿ ಕಳಿಸಿ. ಮೌಲ್ಯದ ಜಾಗದಲ್ಲಿ ಕೇಡಿನ ಕ್ವೆರಿ ತೂರಿಸುವ ಇಂಜೆಕ್ಷನ್ ದಾಳಿಯಿಂದ ರಕ್ಷಣೆ ಸಿಗುವುದಂತೂ ಸರಿ. ನಮ್ಮ ವಿಷಯಕ್ಕೆ ಅದಕ್ಕಿಂತ ಹೆಚ್ಚಿನ ಲಾಭ ಇದೆ: ದಿನಾಂಕವನ್ನು ಹೇಗೆ ಬರೆಯಬೇಕು, ಹೌದು–ಅಲ್ಲ ಎಂಬುದನ್ನು ಹೇಗೆ ಬರೆಯಬೇಕು, ಕನ್ನಡ ಅಕ್ಷರದ ಹಿಂದೆ ಏನು ಹಾಕಬೇಕು ಎಂಬ ತಲೆನೋವನ್ನೆಲ್ಲ ಡ್ರೈವರ್ (ತಂತ್ರಾಂಶಕ್ಕೂ ಡೇಟಾಬೇಸಿಗೂ ನಡುವಿನ ಕೊಂಡಿ) ನೋಡಿಕೊಳ್ಳುತ್ತದೆ. ಪ್ಯಾರಾಮೀಟರಿನ ಗುರುತು ಮಾತ್ರ ಒಂದೊಂದು ಡ್ರೈವರಿನಲ್ಲಿ ಒಂದೊಂದು ಥರ. ಒಂದು ಕಡೆ ಪ್ರಶ್ನಾರ್ಥಕ ಚಿಹ್ನೆ, ಇನ್ನೊಂದು ಕಡೆ ಶೇಕಡಾ ಚಿಹ್ನೆ, ಮತ್ತೊಂದು ಕಡೆ ಡಾಲರ್ ಚಿಹ್ನೆಯ ಮುಂದೆ ಅಂಕಿ. ನಿಮ್ಮ ಫೈಲಿನಲ್ಲಿ ಒಂದೇ ಗುರುತನ್ನು ಬಳಸಿ, ಕಳಿಸುವ ಮುನ್ನ ಬದಲಿಸುವ ಸಣ್ಣ ಫಂಕ್ಷನ್ ಬರೆದುಕೊಳ್ಳಿ.

ಮೂರನೆಯ ಹೆಜ್ಜೆ: ಕೂಗಿ ಹೇಳುವ ವ್ಯತ್ಯಾಸಗಳನ್ನು ತಿದ್ದಿ

ಇವು ಎರರ್ ಕೊಡುವಂಥವು. ಬೇಗ ಮುಗಿಸೋಣ.

ಮೊದಲ ಹತ್ತು ಸಾಲು ಬೇಕೆಂದರೆ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್ ಮೂರಕ್ಕೂ ಹೀಗೆ ಸಾಕು:

ಸೆಲೆಕ್ಟ್ ಹೆಸರು ಫ್ರಮ್ ಸದಸ್ಯರು ಆರ್ಡರ್ ಬೈ ಹೆಸರು ಲಿಮಿಟ್ 10

ಎಸ್‌ಕ್ಯೂಎಲ್ ಸರ್ವರ್, ಒರಾಕಲ್ ಇದನ್ನು ಒಪ್ಪುವುದಿಲ್ಲ. ಅಲ್ಲಿ ಮಾನಕದ ರೂಪ ನಡೆಯುತ್ತದೆ: ಕೊನೆಯಲ್ಲಿ ಆಫ್‌ಸೆಟ್ 0 ರೋಸ್ ಫೆಚ್ ನೆಕ್ಸ್ಟ್ 10 ರೋಸ್ ಓನ್ಲಿ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಇದು 2012ರ ಆವೃತ್ತಿಯಿಂದ, ಒರಾಕಲ್‌ನಲ್ಲಿ 2013ರ 12ಸಿ ಆವೃತ್ತಿಯಿಂದ ಇದೆ. ಪೋಸ್ಟ್‌ಗ್ರೆಸ್ ಎರಡೂ ರೂಪಗಳನ್ನು ಒಪ್ಪುತ್ತದೆ. ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್‌ಗಳಿಗೆ ಫೆಚ್ ಗೊತ್ತಿಲ್ಲ. ಐದಕ್ಕೂ ನಡೆಯುವ ಒಂದೇ ಬರಹ ಬೇಕೇ ಬೇಕೆಂದರೆ ರೋ ನಂಬರ್ ವಿಂಡೋ ಫಂಕ್ಷನ್ ಹಾಕಿ, ಹೊರಗಿನ ಕ್ವೆರಿಯಲ್ಲಿ ಅದು 10ಕ್ಕೆ ಮೀರದಂತೆ ಸೋಸಬಹುದು. ಓದಲು ಅಷ್ಟು ಚೆನ್ನಾಗಿರುವುದಿಲ್ಲ. ಈ ಒಂದು ಬಾಲವನ್ನು ಡೇಟಾಬೇಸಿಗೆ ತಕ್ಕಂತೆ ಜೋಡಿಸುವ ಫಂಕ್ಷನ್ ಇಟ್ಟುಕೊಳ್ಳುವುದೇ ನನಗೆ ಸರಿ ಕಂಡಿದೆ.

ಈಗಿನ ಸಮಯಕ್ಕೆ ನೌ, ಗೆಟ್‌ಡೇಟ್, ಸಿಸ್‌ಡೇಟ್ ಎಂದು ಬರೆದಿದ್ದನ್ನೆಲ್ಲ ಕರೆಂಟ್_ಟೈಮ್‌ಸ್ಟ್ಯಾಂಪ್ ಎಂದು ಬದಲಿಸಿ, ಐದರಲ್ಲೂ ಇದೆ. ಇಸ್‌ನಲ್, ಇಫ್‌ನಲ್, ಎನ್‌ವಿಎಲ್ ಇರುವಲ್ಲಿ ಕೋಅಲೆಸ್ ಹಾಕಿ. ಇಫ್, ಡೀಕೋಡ್ ಇರುವಲ್ಲಿ ಕೇಸ್ ವೆನ್ ಬರೆಯಿರಿ. ಟೇಬಲ್ಲಿಗೆ ಅಡ್ಡಹೆಸರು ಕೊಡುವಾಗ ನಡುವೆ ಆ್ಯಸ್ ಪದ ಬೇಡ, ಒರಾಕಲ್ ಅಲ್ಲೇ ನಿಲ್ಲುತ್ತದೆ. ಕಾಲಂಗೆ ಇದ್ದರೆ ತೊಂದರೆಯಿಲ್ಲ. ಹ್ಯಾವಿಂಗ್ ಒಳಗೆ ಕಾಲಂನ ಅಡ್ಡಹೆಸರು ಬಳಸಬೇಡಿ, ಪೂರ್ತಿ ಲೆಕ್ಕವನ್ನೇ ಮತ್ತೆ ಬರೆಯಿರಿ. ಟೇಬಲ್, ಕಾಲಂಗಳ ಹೆಸರುಗಳೆಲ್ಲ ಸಣ್ಣಕ್ಷರ, ನಡುವೆ ಅಂಡರ್‌ಸ್ಕೋರ್. ಯೂಸರ್, ಆರ್ಡರ್, ಡೇಟ್, ಲೆವೆಲ್, ಕಾಮೆಂಟ್‌ನಂಥ ಮೀಸಲು ಪದಗಳು ಬೇಡ. ಉದ್ದ 30 ಅಕ್ಷರದೊಳಗಿರಲಿ, ಹಳೆಯ ಒರಾಕಲ್‌ಗೆ ಅಷ್ಟೇ ಮಿತಿ.

ಗ್ರೂಪ್ ಬೈ ಬಗ್ಗೆ ಒಂದು ಮಾತು. ಗುಂಪಿನಲ್ಲಿ ಹೆಸರಿಸದ ಕಾಲಂ ಅನ್ನು ಸೆಲೆಕ್ಟ್‌ನಲ್ಲಿ ಹಾಕಿದರೆ ಪೋಸ್ಟ್‌ಗ್ರೆಸ್, ಒರಾಕಲ್, ಎಸ್‌ಕ್ಯೂಎಲ್ ಸರ್ವರ್ ತಡೆಯುತ್ತವೆ. ಮುಖ್ಯ ಕೀ ಮೇಲೆ ಗುಂಪು ಮಾಡಿದ್ದರೆ ಮಾತ್ರ ಪೋಸ್ಟ್‌ಗ್ರೆಸ್ ಬಿಡುತ್ತದೆ. ಎಸ್‌ಕ್ಯೂಲೈಟ್, 5.7ಕ್ಕಿಂತ ಹಳೆಯ ಮೈಎಸ್‌ಕ್ಯೂಎಲ್ ತಡೆಯದೆ ಗುಂಪಿನ ಯಾವುದೋ ಒಂದು ಸಾಲಿನ ಮೌಲ್ಯವನ್ನು ಕೊಡುತ್ತವೆ. ಹಾಗಾಗಿ ಹಳೆಯ ಮೈಎಸ್‌ಕ್ಯೂಎಲ್‌ನಿಂದ ಬರುವವರು ಈ ಎರರ್ ಕಂಡು ಸಿಡುಕಬಾರದು. ಇಷ್ಟು ದಿನ ಬರುತ್ತಿದ್ದ ಉತ್ತರ ಸರಿಯಿತ್ತೇ ಎಂದು ಮೊದಲು ನೋಡಬೇಕು.

ನಾಲ್ಕನೆಯ ಹೆಜ್ಜೆ: ಸದ್ದಿಲ್ಲದ ವ್ಯತ್ಯಾಸಗಳನ್ನು ಹುಡುಕಿ

ಇಲ್ಲಿ ಸಮಯ ಕೊಡಿ. ಕ್ವೆರಿ ಫೈಲನ್ನು ಮುಂದಿಟ್ಟುಕೊಂಡು ಒಂದೊಂದು ಸಾಲನ್ನೂ ಈ ಕಣ್ಣಿನಿಂದ ಓದಿ.

ಭಾಗಾಕಾರದಿಂದಲೇ ಶುರುಮಾಡಿ. ಓರೆಗೆರೆ ಕಂಡಲ್ಲೆಲ್ಲ ನಿಲ್ಲಿ. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್, ಎಸ್‌ಕ್ಯೂಲೈಟ್ ದಶಾಂಶವನ್ನು ಕತ್ತರಿಸುತ್ತವೆ. ಮೈಎಸ್‌ಕ್ಯೂಎಲ್, ಒರಾಕಲ್ ಉಳಿಸುತ್ತವೆ. ಟೈಪ್ ಬದಲಿಸುವ ಕಾಸ್ಟ್ ಹಾಕಿ ಡೆಸಿಮಲ್ ಮಾಡಿಬಿಟ್ಟರೆ ಆಯಿತು ಎಂದುಕೊಳ್ಳುತ್ತೇವೆ. ಆದರೆ ಎಸ್‌ಕ್ಯೂಲೈಟ್‌ನಲ್ಲಿ 41ನ್ನು ಡೆಸಿಮಲ್‌ಗೆ ಕಾಸ್ಟ್ ಮಾಡಿದರೂ ಅದು ಪೂರ್ಣಾಂಕವಾಗಿಯೇ ಉಳಿಯುತ್ತದೆ, ಭಾಗಿಸಿದರೆ ಮತ್ತೆ 4. ಐದರಲ್ಲೂ ನಡೆಯುವ ಸರಳ ಉಪಾಯ ಇದು:

ಸೆಲೆಕ್ಟ್ ಫ್ಯಾಟ್ / 10.0 ಫ್ರಮ್ ಹಾಲು_ಖಾತೆ

ಎರಡು ಕಾಲಂಗಳ ನಡುವೆ ಭಾಗಾಕಾರವಿದ್ದರೆ ಮೊದಲನೆಯದನ್ನು 1.0ರಿಂದ ಗುಣಿಸಿ. ಸರಾಸರಿಗೂ ಇದೇ ಮಾತು: ಎಸ್‌ಕ್ಯೂಎಲ್ ಸರ್ವರಿನಲ್ಲಿ ಪೂರ್ಣಾಂಕಗಳ ಸರಾಸರಿ ಪೂರ್ಣಾಂಕವೇ; 41, 42ರ ಸರಾಸರಿ ಅಲ್ಲಿ 41. ಹಣವನ್ನು ಪೈಸೆ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡಿ. ಎಸ್‌ಕ್ಯೂಲೈಟ್‌ನಲ್ಲಿ ನಿಖರ ದಶಾಂಶದ ಟೈಪ್ ಇಲ್ಲವಾದ್ದರಿಂದ, ರೂಪಾಯಿಯ ದಶಾಂಶಗಳನ್ನು ಕೂಡುತ್ತಾ ಹೋದರೆ ತಿಂಗಳ ಕೊನೆಗೆ ಪೈಸೆ ತಾಳೆಯಾಗುವುದಿಲ್ಲ.

ಪದಗಳನ್ನು ಜೋಡಿಸುವುದು ಎರಡನೆಯದು. ಮಾನಕದ ಪ್ರಕಾರ ಎರಡು ನಿಲುಗೆರೆ, ಅಂದರೆ ||, ಜೋಡಿಸುವ ಚಿಹ್ನೆ. ಮೈಎಸ್‌ಕ್ಯೂಎಲ್‌ನಲ್ಲಿ ಬೇರೆ ಸೆಟ್ಟಿಂಗ್ ಇಲ್ಲದಿದ್ದರೆ ಅದರ ಅರ್ಥ "ಅಥವಾ". 'ರಾಮ' || 'ಗೌಡ' ಎಂದರೆ ಅಲ್ಲಿ ರಾಮಗೌಡ ಬರುವುದಿಲ್ಲ, 0 ಬರುತ್ತದೆ. ಬಟವಾಡೆ ಪಟ್ಟಿಯಲ್ಲಿ ಹೆಸರಿನ ಜಾಗದಲ್ಲೆಲ್ಲ ಸೊನ್ನೆ. ಕಾನ್‌ಕ್ಯಾಟ್ ಫಂಕ್ಷನ್ ಬಳಸಿದರೆ ಎರಡೇ ಪದಗಳ ತನಕ ಹೆಚ್ಚಿನ ಕಡೆ ನಡೆಯುತ್ತದೆ, ಹಳೆಯ ಎಸ್‌ಕ್ಯೂಲೈಟ್‌ನಲ್ಲಿ ಮಾತ್ರ ಇಲ್ಲ. ಅಲ್ಲೂ ಒಂದು ಗುಂಡಿ ಇದೆ. ಒಂದು ಭಾಗ ನಲ್ (ಮೌಲ್ಯವನ್ನೇ ತುಂಬದ ಸ್ಥಿತಿ) ಆಗಿದ್ದರೆ ಮೈಎಸ್‌ಕ್ಯೂಎಲ್ ಇಡೀ ಉತ್ತರವನ್ನೇ ನಲ್ ಮಾಡುತ್ತದೆ. ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್ ಆ ಭಾಗವನ್ನು ಬಿಟ್ಟು ಉಳಿದದ್ದನ್ನು ಕೊಡುತ್ತವೆ. ತಂದೆಯ ಹೆಸರು ತುಂಬದ ಸದಸ್ಯರು ಒಂದು ಕಡೆ ಕಾಣುತ್ತಾರೆ, ಇನ್ನೊಂದು ಕಡೆ ಕಾಣೆಯಾಗುತ್ತಾರೆ. ನನ್ನ ಅಭ್ಯಾಸ: ಕ್ವೆರಿಯಲ್ಲಿ ಜೋಡಿಸುವುದೇ ಇಲ್ಲ. ಕಾಲಂಗಳನ್ನು ಬೇರೆಬೇರೆಯಾಗಿ ತಂದು ತಂತ್ರಾಂಶದಲ್ಲಿ ಜೋಡಿಸುತ್ತೇನೆ.

ಉದ್ಧರಣ ಚಿಹ್ನೆಗಳು ಇನ್ನೂ ಮೋಸದವು. ಪಠ್ಯಕ್ಕೆ ಒಂಟಿ ಚಿಹ್ನೆ, ಕಾಲಂನ ಹೆಸರಿಗೆ ಜೋಡಿ ಚಿಹ್ನೆ ಎನ್ನುತ್ತದೆ ಮಾನಕ. ಮೈಎಸ್‌ಕ್ಯೂಎಲ್‌ನಲ್ಲಿ ಜೋಡಿ ಚಿಹ್ನೆಯೊಳಗಿದ್ದರೂ ಅದು ಪಠ್ಯವೇ. ಎಸ್‌ಕ್ಯೂಲೈಟ್ ಆ ಹೆಸರಿನ ಕಾಲಂ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಪಠ್ಯವೆಂದು ತಿಳಿಯುವುದುಂಟು. ಕಾಲಂನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಎರರ್ ಬಾರದೆ, ಪ್ರತಿ ಸಾಲಿನಲ್ಲೂ ಆ ತಪ್ಪು ಹೆಸರೇ ಉತ್ತರವಾಗಿ ಬರಬಹುದು. ಪಠ್ಯಕ್ಕೆ ಯಾವಾಗಲೂ ಒಂಟಿ ಚಿಹ್ನೆ, ಹೆಸರುಗಳಿಗೆ ಚಿಹ್ನೆಯೇ ಬೇಡ ಎಂಬ ನಿಯಮ ಹಾಕಿಕೊಂಡರೆ ಇಡೀ ತೊಂದರೆ ಹೋಗುತ್ತದೆ.

ಇನ್ನು ನಲ್. ಒರಾಕಲ್‌ಗೆ ಖಾಲಿ ಪಠ್ಯವೂ ನಲ್ ಕೂಡ ಒಂದೇ. ಫೋನ್ ಸಂಖ್ಯೆ ಇಲ್ಲದವರನ್ನು ಹುಡುಕಲು ಫೋನ್ = '' ಎಂದು ಬರೆದರೆ ಅಲ್ಲಿ ಒಬ್ಬರೂ ಸಿಗುವುದಿಲ್ಲ. ಇರುವವರನ್ನು ಹುಡುಕಲು ಫೋನ್ <> '' ಎಂದರೂ ಒಬ್ಬರೂ ಸಿಗುವುದಿಲ್ಲ, ಏಕೆಂದರೆ ನಲ್ ಜೊತೆ ಯಾವ ಹೋಲಿಕೆಯೂ ನಿಜವಾಗದು. ಖಾಲಿ ಪಠ್ಯವನ್ನು ಡೇಟಾಬೇಸಿನೊಳಗೆ ಬಿಡಲೇಬೇಡಿ. ತಂತ್ರಾಂಶದ ಬಾಗಿಲಲ್ಲೇ ಅದನ್ನು ನಲ್ ಮಾಡಿ, ಕ್ವೆರಿಯಲ್ಲಿ ಈಸ್ ನಲ್ ಎಂದೇ ಕೇಳಿ.

ವಿಂಗಡಣೆಯಲ್ಲಿ ನಲ್ ಎಲ್ಲಿ ಬರುತ್ತದೆ ಎಂಬುದಂತೂ ನಾನು ಎರಡು ಸಲ ಎಡವಿದ ಜಾಗ. ಬಟವಾಡೆ ದಿನಾಂಕದ ಮೇಲೆ ಏರಿಕೆಯಲ್ಲಿ ವಿಂಗಡಿಸಿದರೆ ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್, ಎಸ್‌ಕ್ಯೂಲೈಟ್ ನಲ್‌ಗಳನ್ನು ಮೊದಲು ಇಡುತ್ತವೆ. ಪೋಸ್ಟ್‌ಗ್ರೆಸ್, ಒರಾಕಲ್ ಕೊನೆಗೆ ತಳ್ಳುತ್ತವೆ. ಇನ್ನೂ ದುಡ್ಡು ಬಾರದ ರೈತರು ಒಂದರಲ್ಲಿ ಪಟ್ಟಿಯ ತಲೆಯಲ್ಲಿ, ಇನ್ನೊಂದರಲ್ಲಿ ಯಾರೂ ತೆರೆಯದ ಕೊನೆಯ ಪುಟದಲ್ಲಿ. ನಲ್ಸ್ ಫಸ್ಟ್ ಎಂಬ ಮಾನಕದ ಪದ ಎಲ್ಲ ಕಡೆ ಇಲ್ಲ. ಎಲ್ಲ ಕಡೆ ನಡೆಯುವುದು ಹೀಗೆ:

ಆರ್ಡರ್ ಬೈ ಕೇಸ್ ವೆನ್ ಬಟವಾಡೆ_ದಿನ ಈಸ್ ನಲ್ ದೆನ್ 0 ಎಲ್ಸ್ 1 ಎಂಡ್, ಬಟವಾಡೆ_ದಿನ, ಸದಸ್ಯ_ಸಂಖ್ಯೆ

ಕೊನೆಯಲ್ಲಿ ಸದಸ್ಯ ಸಂಖ್ಯೆ ಏಕೆ ಬಂತೆಂದರೆ, ಒಂದೇ ದಿನಾಂಕದ ಸಾಲುಗಳು ಯಾವ ಕ್ರಮದಲ್ಲಿ ಬರಬೇಕು ಎಂದು ಹೇಳದಿದ್ದರೆ ಪ್ರತಿ ಡೇಟಾಬೇಸೂ ತನಗೆ ತೋಚಿದ ಕ್ರಮದಲ್ಲಿ ಕೊಡಬಹುದು. ಪುಟ ಪುಟವಾಗಿ ತೋರಿಸುವಾಗ ಒಬ್ಬರು ಎರಡು ಪುಟದಲ್ಲಿ ಬಂದು, ಇನ್ನೊಬ್ಬರು ಎಲ್ಲೂ ಬಾರದಿರುವುದು ಇದರಿಂದಲೇ.

ಒಂದೇ ಮೌಲ್ಯ ಎರಡು ಸಲ ಬರಬಾರದೆಂಬ ಯೂನಿಕ್ ನಿಬಂಧನೆ ಇರುವ ಕಾಲಂನಲ್ಲಿ ಎಸ್‌ಕ್ಯೂಎಲ್ ಸರ್ವರ್ ಒಂದೇ ಒಂದು ನಲ್ ಬಿಡುತ್ತದೆ, ಉಳಿದ ನಾಲ್ಕು ಎಷ್ಟಾದರೂ ಬಿಡುತ್ತವೆ. ಫೋನ್ ಇಲ್ಲದ ಎರಡನೆಯ ಸದಸ್ಯರನ್ನು ಸೇರಿಸುವ ದಿನದವರೆಗೆ ಇದು ತಿಳಿಯುವುದೇ ಇಲ್ಲ. ಅಲ್ಲಿ ನಿಬಂಧನೆಯ ಬದಲು, ನಲ್ ಅಲ್ಲದ ಸಾಲುಗಳಿಗಷ್ಟೇ ಅನ್ವಯಿಸುವ ಫಿಲ್ಟರ್ಡ್ ಇಂಡೆಕ್ಸ್ ಹಾಕಿ.

ದೊಡ್ಡಕ್ಷರ, ಸಣ್ಣಕ್ಷರದ ಹೋಲಿಕೆ ಕೂಡ ಹೀಗೆಯೇ. ಇಂಗ್ಲಿಷಿನಲ್ಲಿ ಬರೆದ ಸದಸ್ಯರ ಸಂಕೇತ ದೊಡ್ಡಕ್ಷರದಲ್ಲಿದ್ದು ನೀವು ಸಣ್ಣಕ್ಷರದಲ್ಲಿ ಹುಡುಕಿದರೆ, ಮೈಎಸ್‌ಕ್ಯೂಎಲ್‌ನ ಪೂರ್ವನಿಗದಿತ ಕೊಲೇಷನ್‌ನಲ್ಲಿ (ಅಕ್ಷರಗಳನ್ನು ಹೋಲಿಸುವ, ವಿಂಗಡಿಸುವ ನಿಯಮಗಳಲ್ಲಿ) ಸಿಗುತ್ತದೆ, ಪೋಸ್ಟ್‌ಗ್ರೆಸ್‌ನಲ್ಲಿ ಸಿಗುವುದಿಲ್ಲ. ಎಸ್‌ಕ್ಯೂಲೈಟ್‌ನಲ್ಲಿ ಸಮ ಚಿಹ್ನೆ ಹಾಕಿದರೆ ಸಿಗುವುದಿಲ್ಲ, ಲೈಕ್ ಹಾಕಿದರೆ ಸಿಗುತ್ತದೆ! ಇಂಥ ಸಂಕೇತಗಳನ್ನು ಸೇರಿಸುವಾಗಲೇ ಒಂದೇ ರೂಪಕ್ಕೆ ತಂದು ಇಡಿ. ಹುಡುಕುವಾಗ ಲೋವರ್ ಹಾಕುವುದಕ್ಕಿಂತ ಇದು ಮೇಲು, ಇಂಡೆಕ್ಸೂ ಕೈಕೊಡುವುದಿಲ್ಲ.

ಐದನೆಯ ಹೆಜ್ಜೆ: ಕನ್ನಡದ ಹೆಸರುಗಳನ್ನು ಹಾಕಿ ನೋಡಿ

ಇಂಗ್ಲಿಷ್ ಲೇಖನಗಳಲ್ಲಿ ಈ ಭಾಗ ಸಾಮಾನ್ಯವಾಗಿ ಇರುವುದಿಲ್ಲ. ನಮಗೆ ಇದೇ ಮುಖ್ಯ.

ಚನ್ನಬಸಪ್ಪ ಎಂಬ ಹೆಸರನ್ನು ತೆಗೆದುಕೊಳ್ಳಿ. ಓದುವ ಕಣ್ಣಿಗೆ ಐದು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಒತ್ತಕ್ಷರಗಳನ್ನು ಬಿಡಿಸಿದರೆ 9 ಸಂಕೇತಗಳು. ಆ ಸಂಕೇತಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಹಾಗಾಗಿ 27 ಬೈಟ್. ಇದರ ಉದ್ದ ಕೇಳಿದರೆ ಪೋಸ್ಟ್‌ಗ್ರೆಸ್‌ನ ಲೆಂಗ್ತ್ 9 ಎನ್ನುತ್ತದೆ, ಮೈಎಸ್‌ಕ್ಯೂಎಲ್‌ನ ಲೆಂಗ್ತ್ 27 ಎನ್ನುತ್ತದೆ. ಅಲ್ಲಿ 9 ಬೇಕೆಂದರೆ ಚಾರ್_ಲೆಂಗ್ತ್ ಕೇಳಬೇಕು. ಒರಾಕಲ್‌ನಲ್ಲಿ ವಾರ್‌ಚಾರ್2 ಕಾಲಂಗೆ 20 ಎಂದು ಅಳತೆ ಕೊಟ್ಟರೆ ಪೂರ್ವನಿಗದಿಯಂತೆ ಅದು 20 ಬೈಟ್. ಅದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಹಿಡಿಯುತ್ತದೆ, ಕನ್ನಡದಲ್ಲಿ ಬರೆದರೆ ಜಾಗ ಸಾಲದೆಂಬ ಎರರ್. ಅಳತೆಯ ಮುಂದೆ ಚಾರ್ ಎಂದು ಸ್ಪಷ್ಟವಾಗಿ ಬರೆಯಿರಿ, ಅಳತೆಯನ್ನೂ ಧಾರಾಳವಾಗಿ ಕೊಡಿ. ಹೆಸರನ್ನು ಚಿಕ್ಕದಾಗಿ ತೋರಿಸಲು ಸಬ್‌ಸ್ಟ್ರಿಂಗ್‌ನಿಂದ 3 ಅಕ್ಷರ ಕತ್ತರಿಸಿದರೆ "ಚನ್" ಉಳಿಯುತ್ತದೆ, ಒತ್ತು ಅರ್ಧಕ್ಕೆ ಮುರಿದಿರುತ್ತದೆ. ಕನ್ನಡವನ್ನು ಕ್ವೆರಿಯಲ್ಲಿ ಕತ್ತರಿಸಬೇಡಿ.

ಎಸ್‌ಕ್ಯೂಎಲ್ ಸರ್ವರಿಗೆ ಹೋಗುವವರು ಇದನ್ನು ಎರಡು ಸಲ ಓದಿ: ಸಾಮಾನ್ಯ ಲ್ಯಾಟಿನ್ ಕೊಲೇಷನ್‌ನ ವಾರ್‌ಚಾರ್ ಕಾಲಂಗೆ ಕನ್ನಡ ಬರೆದರೆ ಪ್ರತಿ ಸಂಕೇತವೂ ಪ್ರಶ್ನಾರ್ಥಕ ಚಿಹ್ನೆಯಾಗಿ ಉಳಿಯುತ್ತದೆ. ಇದು ಫಾಂಟಿನ ತೊಂದರೆಯಲ್ಲ. ಮೂಲ ಅಕ್ಷರ ಅಲ್ಲಿಗೇ ಹೋಯಿತು, ಮರಳಿ ಪಡೆಯುವ ದಾರಿಯಿಲ್ಲ. ಕಾಲಂ ಎನ್‌ವಾರ್‌ಚಾರ್ ಆಗಿರಬೇಕು, ಕ್ವೆರಿಯೊಳಗೆ ನೇರ ಬರೆದ ಕನ್ನಡ ಪಠ್ಯದ ಹಿಂದೆ ಎನ್ ಅಕ್ಷರ ಇರಬೇಕು. ಪ್ಯಾರಾಮೀಟರ್ ಬಳಸಿದ್ದರೆ ಎರಡನೆಯದನ್ನು ಡ್ರೈವರ್ ನೋಡಿಕೊಳ್ಳುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ 8.0ಕ್ಕೆ ಮುಂಚೆ ಮಾಡಿದ ಟೇಬಲ್ಲುಗಳು ಲ್ಯಾಟಿನ್1 ಆಗಿರುವ ಸಾಧ್ಯತೆ ಇದೆ. ಕನ್ನಡವನ್ನೂ ಹಿಡಿಯುವ ಯುಟಿಎಫ್8ಎಂಬಿ4 ಆಗಿದೆಯೇ ನೋಡಿ.

ವಿಂಗಡಣೆ ಇನ್ನೊಂದು ಸೂಕ್ಷ್ಮ. ನಮ್ಮ ನಿಘಂಟುಗಳಲ್ಲಿ ಳಕಾರ ಹಕಾರದ ಬಳಿಕ ಬರುತ್ತದೆ. ಯೂನಿಕೋಡಿನಲ್ಲಿ ಳ ಇರುವುದು ಲ ಮತ್ತು ವ ನಡುವೆ. ಆದ್ದರಿಂದ ಬರೀ ಸಂಕೇತಗಳ ಕ್ರಮದಲ್ಲಿ ವಿಂಗಡಿಸುವ ಎಸ್‌ಕ್ಯೂಲೈಟ್‌ನಲ್ಲಿ "ಕಳಸ" ಮೊದಲು, "ಕವಿತಾ" ಆಮೇಲೆ. ನಿಘಂಟು ನೋಡಿ ಬೆಳೆದವರಿಗೆ ಅದು ತಿರುವುಮುರುವು. ಕೊಲೇಷನ್ ಬದಲಿಸಿದರೆ ಕ್ರಮವೂ ಬದಲಾಗಬಹುದು. ಎಲ್ಲೆಡೆ ಒಂದೇ ಕ್ರಮ ಬೇಕಿದ್ದರೆ ತಂತ್ರಾಂಶದಲ್ಲೇ ವಿಂಗಡಣೆಯ ಕೀ ತಯಾರಿಸಿ ಬೇರೊಂದು ಕಾಲಂನಲ್ಲಿಡಿ, ಅದರ ಮೇಲೆ ಆರ್ಡರ್ ಬೈ ಹಾಕಿ.

ಒಂದೇ ರೀತಿ ಕಾಣುವ ಎರಡು ಹೆಸರು ಸಮ ಎನಿಸಿಕೊಳ್ಳದಿರುವುದೂ ಉಂಟು. "ಕೊ" ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತ ಕೂಡಿಸಿಯೂ ಬರೆಯಬಹುದು. "ರಾಜ್‌ಕುಮಾರ್" ಎಂದು ಒತ್ತು ಬಾರದಂತೆ ಬರೆಯಲು ನಡುವೆ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಅಕ್ಷರ ಇರುತ್ತದೆ. ಕೆಲವರು ಅದಿಲ್ಲದೆ ಟೈಪಿಸಿರುತ್ತಾರೆ. ಒಂದು ಕೊಲೇಷನ್‌ಗೆ ಇವೆರಡೂ ಸಮ, ಇನ್ನೊಂದಕ್ಕೆ ಬೇರೆ. ಸೇರಿಸುವ ಮುನ್ನವೇ ಯೂನಿಕೋಡ್ ನಾರ್ಮಲೈಸೇಷನ್ ಮಾಡಿ, ಬಿಡಿ ಸಂಕೇತಗಳನ್ನು ಕೂಡಿಸಿಡುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಹುಡುಕಾಟಕ್ಕೆಂದು ಆ ಕಾಣದ ಅಕ್ಷರವನ್ನು ತೆಗೆದ ಇನ್ನೊಂದು ಪ್ರತಿ ಇಟ್ಟುಕೊಳ್ಳಿ.

ಆರನೆಯ ಹೆಜ್ಜೆ: ದಿನಾಂಕದ ಲೆಕ್ಕ ಹೊರಗೆ ತನ್ನಿ

ಮೂವತ್ತು ದಿನ ಕೂಡಿಸುವ, ತಿಂಗಳ ಮೊದಲ ದಿನ ಹುಡುಕುವ ಬಗೆ ಎಲ್ಲ ಡೇಟಾಬೇಸಿನಲ್ಲೂ ಒಂದೇ ಥರ ಇಲ್ಲ. ಆ ಲೆಕ್ಕವನ್ನು ತಂತ್ರಾಂಶದಲ್ಲಿ ಮಾಡಿ, ಬಂದ ದಿನಾಂಕವನ್ನು ಪ್ಯಾರಾಮೀಟರ್ ಆಗಿ ಕಳಿಸಿ. ಒಂದು ದಿನದ ಸಾಲುಗಳು ಬೇಕಾದಾಗ ಸಮ ಚಿಹ್ನೆ ಹಾಕಬೇಡಿ. ಒರಾಕಲ್‌ನ ಡೇಟ್ ಟೈಪಿನಲ್ಲಿ ಗಂಟೆ ನಿಮಿಷವೂ ಇರುತ್ತದೆ, ಸಮ ಎಂದರೆ ನಡುರಾತ್ರಿ ಹನ್ನೆರಡಕ್ಕೆ ಸರಿಯಾಗಿ ಬರೆದ ಸಾಲಷ್ಟೇ ಸಿಗುತ್ತದೆ. ಆ ದಿನದಿಂದ ಹಿಡಿದು ಮರುದಿನಕ್ಕಿಂತ ಮುಂಚೆ, ಎಂದು ಎರಡು ಮಿತಿ ಕೊಡಿ.

ಸಮಯವಲಯವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಡೇರಿಗಿಂತ ಒಳ್ಳೆಯ ಉದಾಹರಣೆ ಬೇಡ. ಎಸ್‌ಕ್ಯೂಲೈಟ್‌ನ ಕರೆಂಟ್_ಟೈಮ್‌ಸ್ಟ್ಯಾಂಪ್ ಕೊಡುವುದು ಯುಟಿಸಿ, ಅಂದರೆ ಜಾಗತಿಕ ಮಾನಕ ಸಮಯ. ನಾವು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಬೆಳಗಿನ ಜಾವ 5 ಗಂಟೆ 10 ನಿಮಿಷಕ್ಕೆ ಹಾಕಿದ ಹಾಲು ಅಲ್ಲಿ ಹಿಂದಿನ ದಿನದ ರಾತ್ರಿ 11 ಗಂಟೆ 40 ನಿಮಿಷ. ಐದೂವರೆಗೆ ಮುಂಚೆ ಬಂದವರ ಹಾಲು ನಿನ್ನೆಯ ಲೆಕ್ಕಕ್ಕೆ, ಆಮೇಲೆ ಬಂದವರದು ಇವತ್ತಿನ ಲೆಕ್ಕಕ್ಕೆ! ಹಾಲು ಹಾಕಿದ ದಿನ, ಬೆಳಿಗ್ಗೆಯೋ ಸಂಜೆಯೋ ಎಂಬುದನ್ನು ಪ್ರತ್ಯೇಕ ಕಾಲಂಗಳಲ್ಲಿ ತಂತ್ರಾಂಶವೇ ತುಂಬಲಿ. ಕ್ಷಣದ ಗುರುತನ್ನು ಎಲ್ಲ ಕಡೆ ಯುಟಿಸಿಯಲ್ಲಿಡಿ.

ಏಳನೆಯ ಹೆಜ್ಜೆ: ಒಂದಾಗದವನ್ನು ಬೇರೆಯಾಗಿಯೇ ಇಡಿ

ಕೆಲವನ್ನು ಒಂದೇ ಬರಹಕ್ಕೆ ತರಲು ಹೆಣಗಬಾರದು. ಸಾಲು ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು ಎಂಬ ಅಪ್‌ಸರ್ಟ್ ಅಂಥದ್ದು. ಪೋಸ್ಟ್‌ಗ್ರೆಸ್ 9.5ರಿಂದ, ಎಸ್‌ಕ್ಯೂಲೈಟ್ 3.24ರಿಂದ ಆನ್ ಕಾನ್‌ಫ್ಲಿಕ್ಟ್. ಮೈಎಸ್‌ಕ್ಯೂಎಲ್‌ನಲ್ಲಿ ಆನ್ ಡೂಪ್ಲಿಕೇಟ್ ಕೀ ಅಪ್‌ಡೇಟ್. ಒರಾಕಲ್, ಎಸ್‌ಕ್ಯೂಎಲ್ ಸರ್ವರಿನಲ್ಲಿ ಮರ್ಜ್. ಮೊದಲು ಸೆಲೆಕ್ಟ್ ಮಾಡಿ ನೋಡಿ ಆಮೇಲೆ ಇನ್ಸರ್ಟ್ ಮಾಡುವುದು ಎಲ್ಲ ಕಡೆ ನಡೆಯುತ್ತದೆಂದು ಹಲವರು ಬರೆಯುತ್ತಾರೆ. ಇಬ್ಬರು ಒಟ್ಟಿಗೆ ಒತ್ತಿದ ದಿನ ಅದು ಕೈಕೊಡುತ್ತದೆ. ಹಾಗೆ ಮಾಡುವ ಬದಲು ಒಂದೇ ಹೆಸರಿನ ಕ್ವೆರಿಗೆ ಡೇಟಾಬೇಸಿಗೊಂದರಂತೆ ಫೈಲ್ ಇಡಿ. ತಾನಾಗಿ ಏರುವ ಸಂಖ್ಯೆ, ಸೇರಿಸಿದ ಸಾಲಿನ ಸಂಖ್ಯೆಯನ್ನು ಮರಳಿ ಪಡೆಯುವುದು, ಟೇಬಲ್ ರಚಿಸುವ ಸ್ಕ್ರಿಪ್ಟ್‌ಗಳು, ಇವೂ ಇದೇ ಪೆಟ್ಟಿಗೆಗೆ. ನನ್ನ ಅನುಭವದಲ್ಲಿ ನೂರು ಕ್ವೆರಿಗೆ ಹೀಗೆ ಬೇರೆಯಾಗುವುದು ಹತ್ತಕ್ಕಿಂತ ಕಡಿಮೆ.

ಟ್ರಾನ್ಸಾಕ್ಷನ್ (ಎಲ್ಲವೂ ಒಟ್ಟಿಗೆ ಉಳಿಯುವ ಇಲ್ಲವೇ ಒಟ್ಟಿಗೆ ರದ್ದಾಗುವ ಬದಲಾವಣೆಗಳ ಕಟ್ಟು) ಬಗ್ಗೆ ಎರಡು ಎಚ್ಚರ. ಟೇಬಲ್ಲಿನ ರಚನೆ ಬದಲಿಸುವ ಆಜ್ಞೆ ಕೊಟ್ಟ ಕೂಡಲೇ ಮೈಎಸ್‌ಕ್ಯೂಎಲ್, ಒರಾಕಲ್ ಅಲ್ಲಿಯವರೆಗಿನದನ್ನು ಕಮಿಟ್ ಮಾಡಿ ಕಾಯಂಗೊಳಿಸಿಬಿಡುತ್ತವೆ. ಅಪ್‌ಗ್ರೇಡ್ ಸ್ಕ್ರಿಪ್ಟ್ ನಡುವೆ ನಿಂತರೆ ಹಿಂದಕ್ಕೆ ಹೋಗಲಾಗದು. ಪೋಸ್ಟ್‌ಗ್ರೆಸ್‌ನಲ್ಲಿ ಟ್ರಾನ್ಸಾಕ್ಷನ್ ಒಳಗೆ ಒಂದು ಕ್ವೆರಿ ಎರರ್ ಕೊಟ್ಟರೆ, ರೋಲ್‌ಬ್ಯಾಕ್ ಮಾಡುವವರೆಗೆ ಮುಂದಿನ ಯಾವುದೂ ನಡೆಯದು. "ಎರರ್ ಬಂದರೆ ಬಿಟ್ಟು ಮುಂದಕ್ಕೆ ಹೋಗು" ಎಂದು ಬರೆದ ಮೈಎಸ್‌ಕ್ಯೂಎಲ್ ಕೋಡ್ ಅಲ್ಲಿ ಮುಗ್ಗರಿಸುತ್ತದೆ. ಅಂಥ ಜಾಗದಲ್ಲಿ ನಡುವೆ ಹಿಂದಕ್ಕೆ ಬರಬಹುದಾದ ಗುರುತು, ಅಂದರೆ ಸೇವ್‌ಪಾಯಿಂಟ್ ಹಾಕಿ.

"ಓಆರ್‌ಎಂ ಬಳಸಿದರೆ ಇದೆಲ್ಲ ಬೇಕಿಲ್ಲವಲ್ಲ?" ಎಂದು ಕೇಳುವವರಿದ್ದಾರೆ. ಓಆರ್‌ಎಂ ಎಂದರೆ ಕೋಡನ್ನು ನೋಡಿ ಎಸ್‌ಕ್ಯೂಎಲ್ ಅನ್ನು ತಾನೇ ಬರೆದುಕೊಡುವ ಸಲಕರಣೆ. ಎಸ್‌ಕ್ಯೂಎಲ್‌ಆಲ್ಕೆಮಿ, ಹೈಬರ್ನೇಟ್, ಜ್ಯಾಂಗೋ ಮೂರನೆಯ ಹೆಜ್ಜೆಯ ಬಹುಪಾಲನ್ನು ಮಾಡಿಕೊಡುತ್ತವೆ. ಎಸ್‌ಕ್ಯೂಎಲ್‌ಆಲ್ಕೆಮಿಯ 2.0 ಆವೃತ್ತಿ ಭಾಗಾಕಾರವನ್ನೂ ಎಲ್ಲ ಕಡೆ ದಶಾಂಶ ಸಹಿತ ಮಾಡುತ್ತದೆ. ಬಳಸಿ, ಒಳ್ಳೆಯದೇ. ಆದರೆ ಕೊಲೇಷನ್, ನಲ್‌ನ ಸ್ಥಾನ, ಚನ್ನಬಸಪ್ಪನವರ 27 ಬೈಟ್, ಇವು ಡೇಟಾಬೇಸಿನೊಳಗಿನ ಸಂಗತಿಗಳು. ಅವನ್ನು ನೀವೇ ನೋಡಬೇಕು.

ಕೊನೆಯ ಹೆಜ್ಜೆ: ಉತ್ತರಗಳನ್ನು ತಾಳೆ ನೋಡಿ

ಎಸ್‌ಕ್ಯೂಲೈಟ್ ಮೇಲೆ ಪರೀಕ್ಷೆ ಮಾಡಿ ಪೋಸ್ಟ್‌ಗ್ರೆಸ್ ಮೇಲೆ ನಡೆಸುವುದು ಬೇಡ. ಒಂದೇ ಯಂತ್ರದಲ್ಲಿ ತಂತ್ರಾಂಶಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿಟ್ಟಂತೆ ಓಡಿಸುವ ಡಾಕರ್‌ನಲ್ಲಿ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್ ಮೂರನ್ನೂ ಒಂದು ಸಾಧಾರಣ ಲ್ಯಾಪ್‌ಟಾಪಿನಲ್ಲೇ ಏಳಿಸಬಹುದು. ಗ್ರಾಹಕರ ಬಳಿ ಇರುವ ಆವೃತ್ತಿಯ ಇಮೇಜನ್ನೇ ತನ್ನಿ. ಮೂರಕ್ಕೂ ಒಂದೇ ದತ್ತಾಂಶ ತುಂಬಿ, ಹೆಸರಿಟ್ಟ ಪ್ರತಿಯೊಂದು ಕ್ವೆರಿಯನ್ನೂ ಓಡಿಸಿ, ಬಂದ ಸಾಲುಗಳನ್ನು ಒಂದಕ್ಕೊಂದು ಹೋಲಿಸುವ ಸ್ಕ್ರಿಪ್ಟ್ ಬರೆಯಿರಿ. ಎರರ್ ಬಂತೇ ಎಂದು ನೋಡುವ ಪರೀಕ್ಷೆ ಸಾಲದು. ಉತ್ತರ ಒಂದೇ ಆಗಿದೆಯೇ, ಕ್ರಮವೂ ಒಂದೇ ಆಗಿದೆಯೇ ಎಂದು ನೋಡಬೇಕು.

ತುಂಬುವ ದತ್ತಾಂಶ ಸಾವಿರ ಸಾಲು ಇರಬೇಕಿಲ್ಲ. ನನ್ನದು 15 ಸಾಲು ಇದೆ. 41 ಮತ್ತು 49 ಫ್ಯಾಟ್‌ನ ಒಂದೊಂದು ಸಾಲು. ಫೋನ್ ಇಲ್ಲದ ಇಬ್ಬರು, ತಂದೆಯ ಹೆಸರು ಇಲ್ಲದ ಒಬ್ಬರು, ಬಟವಾಡೆ ದಿನಾಂಕ ಇನ್ನೂ ತುಂಬದ ಒಬ್ಬರು. ಒಂದೇ ದಿನಾಂಕದ ಇಬ್ಬರು. ಬೆಳಿಗ್ಗೆ 5 ಗಂಟೆ 10 ನಿಮಿಷದ ಒಂದು, 5 ಗಂಟೆ 40 ನಿಮಿಷದ ಒಂದು. ಒಬ್ಬ ಚನ್ನಬಸಪ್ಪ, ಒಬ್ಬ ಕಳಸಪ್ಪ, ಒಬ್ಬ ಕವಿತಾ. ಕಾಣದ ಅಕ್ಷರ ಇರುವ ಒಬ್ಬ ರಾಜ್‌ಕುಮಾರ್, ಅದಿಲ್ಲದ ಇನ್ನೊಬ್ಬ.